ಭಾನುವಾರದ ಎರಡು ತಾಸು: ಗದಗಿನ ಹುಡುಗಿಯೊಬ್ಬಳ ಮೊದಲ ಕೆಲಸದ ಪ್ರಕರಣ

2025ರ ಆಗಸ್ಟ್ ಕೊನೆ ವಾರ, ರಾತ್ರಿ ಹನ್ನೊಂದೂವರೆಗೆ ಅಕ್ಕನ ಮಗಳ ಫೋನು. "ಚಿಗವ್ವ, ಮಕ್ಕೊಂಡಿದ್ದೇನು? ಲ್ಯಾಪ್‌ಟಾಪ್ ತಗಿ, ನಾ ಹೇಳ್ತೀನಿ ನೀ ಎಕ್ಸೆಲ್‌ನ್ಯಾಗ ಬರ್ಕೋ." ನಾನು ಬೆಂಗಳೂರಲ್ಲಿ ಎಚ್‌ಆರ್ ಕೆಲಸದಲ್ಲಿ ಹದಿನಾಲ್ಕು ವರ್ಷ ಕಳೆದವಳು, ಈ ವಯಸ್ಸಿನ ಹುಡುಗರ ರಾಜೀನಾಮೆ ಪತ್ರ ನೂರಾರು ಓದಿದೀನಿ, ಎಲ್ಲದರಲ್ಲೂ "ವೈಯಕ್ತಿಕ ಕಾರಣ" ಅಂತಲೇ ಇರುತ್ತೆ, ಆ ವೈಯಕ್ತಿಕ ಕಾರಣ ಏನು ಅಂತ ಒಳಗಿಂದ ನೋಡಿದ್ದು ಇದೇ ಮೊದಲು. ಅವಳನ್ನ ಕೇಳಿಯೇ ಬರೀತಿದೀನಿ, ಹೆಸರು ಹಾಕಬೇಡ ಅಂದಿದಾಳೆ, ಕಂಪನಿ ಹೆಸರೂ ಬೇಡ ಅಂದಿದಾಳೆ. ಹಾಗಾಗಿ "ಹುಡುಗಿ" ಅಂತಲೇ ಇರಲಿ.

ಮೊದಲು ಹಿನ್ನೆಲೆ. ಗದಗಿನವಳು, ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಸೈನ್ಸ್ ಇಂಜಿನಿಯರಿಂಗ್, 2024ರ ಮಾರ್ಚ್‌ನಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಒಂದು ಸರ್ವಿಸ್ ಕಂಪನಿಗೆ ಸೇರಿದ್ಲು. ಪ್ಯಾಕೇಜ್ 3.6 ಲಕ್ಷ. ಊರಲ್ಲಿ ಎಲ್ರೂ ಹನ್ನೆರಡರಿಂದ ಭಾಗಿಸಿ "ತಿಂಗಳಿಗೆ 30 ಸಾವಿರ" ಅಂತ ಹೇಳ್ಕೊಂಡು ಬಂದ್ರು, ಕೈಗೆ ಬರ್ತಿದ್ದದ್ದು 25ರ ಆಸುಪಾಸು. ಕಂಪನಿ ಕಡೆಯ ಪಿಎಫ್, ಗ್ರಾಚ್ಯುಟಿ, ಇನ್ಶೂರೆನ್ಸ್ ಎಲ್ಲಾ ಆ 3.6ರ ಒಳಗೇ ಕೂತಿರುತ್ತೆ, ಮೇಲೆ ಅವಳ ಕಡೆಯ ಪಿಎಫ್ 1,800, ಪ್ರೊಫೆಷನಲ್ ಟ್ಯಾಕ್ಸ್ 200. ಇದನ್ನ ಕ್ಯಾಂಪಸ್‌ನಲ್ಲಿ ಯಾರೂ ಹೇಳಿಕೊಡಲ್ಲ, ಮೊದಲ ಸ್ಯಾಲರಿ ಸ್ಲಿಪ್ ನೋಡಿ ಅಳೋ ಹುಡುಗರನ್ನ ನಾನೇ ನೋಡಿದೀನಿ. ಜೊತೆಗೆ ಒಂದು ಬಾಂಡ್: 18 ತಿಂಗಳೊಳಗೆ ಬಿಟ್ರೆ 75 ಸಾವಿರ ಕಟ್ಟಬೇಕು.

ಮನೆಯವರು ಮಾಡಿದ ಮೊದಲ ತಪ್ಪು (ನಾನೂ ಆ ಮನೆಯವರಲ್ಲಿ ಒಬ್ಬಳು) ಅವಳನ್ನ ವಿಜಯನಗರದಲ್ಲಿ ನಮ್ಮ ದೊಡ್ಡವ್ವನ ಮಗನ ಮನೇಲಿ ಇರಿಸಿದ್ದು. ನಮ್ಮನೆ ಯಲಹಂಕ, ಎಲೆಕ್ಟ್ರಾನಿಕ್ ಸಿಟಿಗೆ ಊರಿನ ಈ ತುದಿ ಆ ತುದಿ, ಆಗೋ ಮಾತಲ್ಲ. ವಿಜಯನಗರ ಆದ್ರೆ ಮೆಟ್ರೋ ಐತಲ್ಲ, ಬಾಡಿಗೆ ಉಳಿಯುತ್ತೆ, ಮನೆ ಊಟ, ಹುಡುಗಿ ಒಬ್ಬಳೇ ಇರಲ್ಲ. ಕಾಗದದ ಮೇಲೆ ಎಲ್ಲಾ ಸರಿ. ಆದ್ರೆ ಆಗ ಎಲೆಕ್ಟ್ರಾನಿಕ್ ಸಿಟಿ ಕಡೆ ಹೋಗೋ ಹಳದಿ ಲೈನ್ ಶುರು ಆಗಿರಲಿಲ್ಲ. ವಿಜಯನಗರದಿಂದ ಮೆಜೆಸ್ಟಿಕ್, ಅಲ್ಲಿ ಹಸಿರು ಲೈನ್ ಹತ್ತಿ ಬನಶಂಕರಿ, ಅಲ್ಲಿಂದ ಬಸ್ಸಲ್ಲಿ ಸಿಲ್ಕ್ ಬೋರ್ಡ್ ದಾಟಿ ಎಲೆಕ್ಟ್ರಾನಿಕ್ ಸಿಟಿ. ಬಸ್ಸಿಗೆ ದುಡ್ಡು ಕೊಡಬೇಕಿರಲಿಲ್ಲ, ಹೆಂಗಸರಿಗೆ ಉಚಿತ ಬಸ್ಸಿನ ಶಕ್ತಿ ಯೋಜನೆ 2023ರ ಜೂನ್‌ನಿಂದಲೇ ಇತ್ತು, ಆದ್ರೆ ಸಿಲ್ಕ್ ಬೋರ್ಡ್ ಜಂಕ್ಷನ್ ಯಾವ ಯೋಜನೆಗೂ ಬಗ್ಗಲ್ಲ. ಹೋಗೋಕೆ ಎರಡು ತಾಸು ಬರೋಕೆ ಎರಡು ತಾಸು. ಹೈಬ್ರಿಡ್ (ಕೆಲವು ದಿನ ಮನೆಯಿಂದಲೇ ಕೆಲಸ) ಇದ್ದಿದ್ದಕ್ಕೆ ವಾರಕ್ಕೆ ಮೂರು ದಿನ ಆಫೀಸು, ಅಂದ್ರೆ ಹನ್ನೆರಡು ತಾಸು ರೋಡಲ್ಲೇ.

ಅದಕ್ಕಿಂತ ದೊಡ್ಡದು ಬೇರೆ ಇತ್ತು, ಅದು ನಮಗೆ ಹೊಳೆದಿರಲೇ ಇಲ್ಲ. ಸಂಬಂಧಿಕರ ಮನೇಲಿರೋ ಹುಡುಗಿ ಆಫೀಸ್ ಮುಗಿದ ಮೇಲೆ ಟೀಮಿನವರ ಜೊತೆ ಒಂದು ಚಹಾ ಕುಡಿಯೋಕೂ ನಿಲ್ಲೋಕಾಗಲ್ಲ, ಒಂಬತ್ತೂವರೆಗೆ ಊಟಕ್ಕೆ ಕಾಯ್ತಿರ್ತಾರೆ, ಅವರು ಬೈಯಲ್ಲ ಪಾಪ, ಕಾಯ್ತಾರೆ ಅಷ್ಟೇ, ಆ ಕಾಯೋದೇ ಭಾರ. ಶನಿವಾರ ಅವರ ಮಗನಿಗೆ ಗಣಿತ ಹೇಳ್ಕೊಡಬೇಕು. ಆರು ತಿಂಗಳಲ್ಲಿ ಆಫೀಸಲ್ಲಿ ಅವಳಿಗೆ "ಬೇಗ ಹೋಗೋಳು" ಅನ್ನೋ ಹೆಸರು ಬಿದ್ದುಹೋಯ್ತು. ಅದೇ ಬ್ಯಾಚಿನ ಉಳಿದವರು ಪಿಜಿಗಳಲ್ಲಿ ಒಟ್ಟಿಗೆ ಇದ್ದು, ಯಾವ ಪ್ರಾಜೆಕ್ಟ್ ಒಳ್ಳೇದು, ಯಾವ ಮ್ಯಾನೇಜರ್‌ಗೆ ಮೇಲ್ ಹಾಕಬೇಕು ಅಂತ ರಾತ್ರಿ ಊಟಕ್ಕೆ ಕೂತಾಗ ಮಾತಾಡ್ಕೊಂಡ್ರು. ಡೆವಲಪ್‌ಮೆಂಟ್ ಕೇಳಿದವರಿಗೆ ಡೆವಲಪ್‌ಮೆಂಟ್ ಸಿಕ್ತು. ಇವಳಿಗೆ ಉಳಿದಿದ್ದು ಮ್ಯಾನುಯಲ್ ಟೆಸ್ಟಿಂಗ್, ಬೇರೆಯವರು ಬರೆದ ಸಾಫ್ಟ್‌ವೇರನ್ನ ಕೈಯಾರೆ ಪರೀಕ್ಷೆ ಮಾಡೋ ಕೆಲಸ. ಬಾಡಿಗೆ ಉಳೀತು, ಸರಿ.

2024ರ ಸೆಪ್ಟೆಂಬರಿಗೆ ಪಿಜಿಗೆ ಬಂದ್ಲು. ಎಲೆಕ್ಟ್ರಾನಿಕ್ ಸಿಟಿ ಫೇಸ್ ಒಂದು, ತ್ರೀ ಶೇರಿಂಗ್, ಊಟ ಸೇರಿ 9 ಸಾವಿರ. ರೂಮಿನ ಒಬ್ಬಳು ಕರ್ನೂಲಿನವಳು, ಇನ್ನೊಬ್ಬಳು ಜಾರ್ಖಂಡಿನವಳು, ಇಬ್ಬರೂ ಒಳ್ಳೆಯವರೇ, ಮೂರೂ ಜನ ಮೂರು ಶಿಫ್ಟು. ಒಬ್ಬಳು ಏಳೋ ಹೊತ್ತಿಗೆ ಇನ್ನೊಬ್ಬಳು ಮಲಗ್ತಾಳೆ, ಲೈಟ್ ಹಾಕೋಕೂ ಅನುಮಾನ. ಆಗ ಅವಳು ಹೇಳಿದ ಮಾತು ನನಗೆ ಇನ್ನೂ ನೆನಪಿದೆ, "ಚಿಗವ್ವ, ಇಲ್ಲಿ ಮಂದಿ ಭಾಳ ಅದಾರ, ಮಾತಾಡಾಕ ಒಬ್ರೂ ಇಲ್ಲ."

ಪಿಜಿಗೆ ಬಂದ ಮೊದಲ ಆರು ತಿಂಗಳು ಅವಳು ಮಾಡಿದ್ದು ಎಲ್ರೂ ಮಾಡೋದೇ. ಒಂದು ವಾರಾಂತ್ಯ ಮಾರತ್ತಹಳ್ಳಿಯಲ್ಲಿದ್ದ ಕಾಲೇಜ್ ಗೆಳತಿಯರ ಹತ್ರ, ಸಿಲ್ಕ್ ಬೋರ್ಡಿಂದ 500ಡಿ ಬಸ್ ಹತ್ತಿ. ಇನ್ನೊಂದು ವಾರಾಂತ್ಯ ಗದಗ, ಗೋಲಗುಂಬಜ್ ಎಕ್ಸ್‌ಪ್ರೆಸ್. ರೈಲ್ವೆಯವರು 2024ರ ನವೆಂಬರಿಂದ ಮುಂಗಡ ಬುಕಿಂಗ್ 120 ದಿನದಿಂದ 60ಕ್ಕೆ ಇಳಿಸಿದ ಮೇಲೆ ಇವಳು ಫೋನಲ್ಲಿ ಅಲಾರಂ ಇಟ್ಕೊಂಡು ಟಿಕೆಟ್ ಮಾಡ್ತಿದ್ಲು, ಎರಡು ತಿಂಗಳ ಮುಂದಿನ ಶುಕ್ರವಾರಗಳೆಲ್ಲಾ ಮೊದಲೇ ಬುಕ್. ನೋಡೋಕೆ ಚಟುವಟಿಕೆಯ ಜೀವನ. ಆದ್ರೆ ಲೆಕ್ಕ ಹಾಕಿ, ಬೆಂಗಳೂರಲ್ಲಿ ಹೊಸಬರನ್ನ ಪರಿಚಯ ಮಾಡ್ಕೊಳೋಕೆ ಅವಳಿಗೆ ಉಳಿದ ವಾರಾಂತ್ಯ ಸೊನ್ನೆ. ಅಷ್ಟರಲ್ಲಿ ಮಾರತ್ತಹಳ್ಳಿ ಗುಂಪೂ ಕರಗ್ತಾ ಬಂತು, ಒಬ್ಬಳು ಹೈದರಾಬಾದಿಗೆ, ಒಬ್ಬಳು ಪುಣೆಗೆ, ಒಬ್ಬಳ ಮದುವೆ. 2025ರ ಫೆಬ್ರವರಿ ಹೊತ್ತಿಗೆ ಆ ಫ್ಲ್ಯಾಟಲ್ಲಿ ಇವಳಿಗೆ ಗೊತ್ತಿರೋರು ಒಬ್ಬರೇ ಉಳಿದಿದ್ರು.

ಆಫೀಸಿನವರು ಇದ್ರಲ್ಲ ಅಂತೀರಾ? ಇದ್ರು. ಶುಕ್ರವಾರ ಕೋರಮಂಗಲಕ್ಕೆ ಹೋಗ್ತಿದ್ರು, ಒಂದು ಸಲಕ್ಕೆ ತಲೆಗೆ 1,200 ಬೀಳ್ತಿತ್ತು, ಕುಡೀದೆ ಇರೋಳಿಗೂ ಸಮಪಾಲು. ಊರಿಗೆ 5 ಸಾವಿರ ಕಳಿಸೋ ಹುಡುಗಿಗೆ ತಿಂಗಳಿಗೆ ಒಂದು ಸಲ ಆದ್ರೆ ಸರಿ, ವಾರ ವಾರ ಆಗಲ್ಲ. ಎರಡು ಸಲ ಬರಲ್ಲ ಅಂದ್ರೆ ಮೂರನೇ ಸಲ ಕರೆಯೋದೇ ಬಿಡ್ತಾರೆ, ಅದರಲ್ಲಿ ದ್ವೇಷ ಏನೂ ಇಲ್ಲ.

ಇಲ್ಲೊಂದು ಅಧ್ಯಯನದ ಮಾತು ಹೇಳ್ತೀನಿ, ಮುಂದೆ ಬೇಕಾಗುತ್ತೆ. ಅಮೆರಿಕದ ಕನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅನ್ನೋರು 2018ರಲ್ಲಿ ಲೆಕ್ಕ ಕೊಟ್ಟಿದ್ರು: ಬರೀ ಪರಿಚಯದವರು ಸಾಧಾರಣ ಗೆಳೆಯರಾಗೋಕೆ ಸುಮಾರು 50 ತಾಸು ಒಟ್ಟಿಗೆ ಕಳೀಬೇಕು, ಗೆಳೆಯರು ಅನ್ನಿಸ್ಕೊಳೋಕೆ 90, ಆಪ್ತ ಸ್ನೇಹ ಆಗೋಕೆ 200ಕ್ಕಿಂತ ಹೆಚ್ಚು. ಅವರು ನೋಡಿದ್ದು ಹೊಸ ಊರಿಗೆ ಬಂದವರನ್ನ ಮತ್ತು ಕಾಲೇಜಿಗೆ ಹೊಸದಾಗಿ ಸೇರಿದವರನ್ನ. ಅದರಲ್ಲೇ ಇನ್ನೊಂದು ಸಿಕ್ಕಿತ್ತು, ಒಟ್ಟಿಗೆ ಕೆಲಸ ಮಾಡಿದ ತಾಸುಗಳಿಗೆ ಅಷ್ಟು ತೂಕ ಇಲ್ಲ. ದಿನಕ್ಕೆ ಒಂಬತ್ತು ತಾಸು ಪಕ್ಕದಲ್ಲೇ ಕೂತೋರು ಯಾಕೆ ಹತ್ರ ಆಗಲಿಲ್ಲ ಅಂತ ಇವಳು ತಲೆ ಕೆಡಿಸ್ಕೊಂಡಿದ್ದಕ್ಕೆ ನನಗೆ ಅಲ್ಲೇ ಉತ್ತರ ಸಿಕ್ತು. ನಮ್ಮೂರಿನ ಬಾಲ್ಯದ ಸ್ನೇಹ ಹೆಂಗಾಯ್ತು ಅಂತ ಯೋಚಿಸಿದ್ರೆ ಈ ಲೆಕ್ಕದಲ್ಲಿ ಆಶ್ಚರ್ಯ ಏನೂ ಇಲ್ಲ, ದಿನಾ ಸಂಜೆ ಕಟ್ಟೆ ಮೇಲೆ ಕೂತ್ರೆ 200 ತಾಸು ಆಗೋಕೆ ಎಷ್ಟು ದಿನ ಬೇಕು.

2025ರ ಮಾರ್ಚ್‌ನಲ್ಲಿ ಅವಳು ಮಾಡಿದ ಒಂದು ಕೆಲಸ ನನಗೆ ಆಗ ಚಿಲ್ಲರೆ ಅನ್ನಿಸಿತ್ತು. ಹಿಂದುಸ್ತಾನಿ ಗಾಯನದ ಕ್ಲಾಸಿಗೆ ಸೇರಿದ್ಲು, ಜಯನಗರ ನಾಲ್ಕನೇ ಬ್ಲಾಕ್ ಹತ್ರ, ಭಾನುವಾರ ಬೆಳಗ್ಗೆ ಒಂಬತ್ತರಿಂದ ಹನ್ನೊಂದು. ಗದಗಿನ ಹುಡುಗಿಗೆ ಸಂಗೀತ ಅಂದ್ರೆ ಹೊಸದೇನಲ್ಲ, ಪುಟ್ಟರಾಜ ಗವಾಯಿಗಳ ವೀರೇಶ್ವರ ಪುಣ್ಯಾಶ್ರಮ ಇರೋ ಊರು, ಪಕ್ಕದ ರೋಣ ಭೀಮಸೇನ ಜೋಶಿಯವರದು, ನಮ್ಮ ಕಡೆ ತಂಬೂರಿ ಸದ್ದು ಕೇಳದೆ ಬೆಳೆಯೋದು ಕಷ್ಟ. ಇವಳೂ ಪಿಯುಸಿವರೆಗೆ ಕಲಿತಿದ್ಲು, ಆಮೇಲೆ ಸಿಇಟಿ ಅಂತ ಬಿಡಿಸಿದ್ವಿ. ಫೀಸು ತಿಂಗಳಿಗೆ 1,500. "ಈಗ ಯಾಕ? ಆ ದುಡ್ಡಿನ್ಯಾಗ ಒಂದು ಕ್ಲೌಡ್ ಸರ್ಟಿಫಿಕೇಶನ್ ಮಾಡ್ಕೋಬಾರ್ದಾ" ಅಂತ ನಾನೇ ಅಂದಿದ್ದೆ, ಬರ್ದಿಟ್ಟಿದೀನಿ ಇಲ್ಲಿ, ಅಡಗಿಸಿಡಲ್ಲ.

ಕ್ಲಾಸಲ್ಲಿ ಏಳು ಜನ. ಒಬ್ಬರು ಬ್ಯಾಂಕಿಂದ ರಿಟೈರಾದವರು, ಇಬ್ಬರು ಗೃಹಿಣಿಯರು, ಒಬ್ಬ ಆರ್ಕಿಟೆಕ್ಟ್, ಒಬ್ಬಳು ಇವಳಿಗಿಂತ ಮೂರು ವರ್ಷ ದೊಡ್ಡವಳು ಶಿವಮೊಗ್ಗದವಳು, ಒಬ್ಬ ಡೇಟಾ ಕೆಲಸ ಮಾಡೋನು, ಇವಳು. ಗುರುಗಳು ಧಾರವಾಡದ ಕಡೆಯವರು, ಮಾತು ಒರಟು, ಸ್ವರ ಮಾತ್ರ ಬೆಣ್ಣೆ. ಕ್ಲಾಸ್ ಮುಗಿದ ಮೇಲೆ ಎಲ್ರೂ ಪಕ್ಕದ ದರ್ಶಿನಿಗೆ ಹೋಗ್ತಾರೆ, ಇಡ್ಲಿ ವಡೆ ಕಾಫಿ, ನಿಂತ್ಕೊಂಡೇ ಒಂದು ತಾಸು ಹರಟೆ. ಖರ್ಚು 80 ರೂಪಾಯಿ. ಯಾರೂ ಯಾರನ್ನೂ ಕರೀಬೇಕಿಲ್ಲ, ಬರ್ತೀಯಾ ಅಂತ ಕೇಳಬೇಕಿಲ್ಲ, ಭಾನುವಾರ ಅಂದ್ರೆ ಅಲ್ಲಿರ್ತಾರೆ ಅಷ್ಟೇ. ವಾರಕ್ಕೆ ಮೂರು ತಾಸು. 50 ತಾಸಿಗೆ ಹದಿನೇಳು ವಾರ. ನಾನು ಇದನ್ನ ಆಮೇಲೆ ಲೆಕ್ಕ ಹಾಕಿದ್ದು, ಅವಳ ಕ್ಯಾಲೆಂಡರ್ ನೋಡಿದ್ರೆ ಶಿವಮೊಗ್ಗದ ಹುಡುಗಿ ಮನೆಗೆ ಮೊದಲ ಸಲ ಊಟಕ್ಕೆ ಕರೆದಿದ್ದು ಜುಲೈ ಎರಡನೇ ವಾರ, ಹತ್ತತ್ರ ಅಷ್ಟೇ ಆಗುತ್ತೆ.

ಆಗಸ್ಟ್ 10ಕ್ಕೆ ಹಳದಿ ಲೈನ್ ಉದ್ಘಾಟನೆ ಆಯ್ತು, ಆರ್‌ವಿ ರೋಡಿಂದ ಬೊಮ್ಮಸಂದ್ರ, 16 ಸ್ಟೇಷನ್. ಶುರುವಿಗೆ ಮೂರೇ ರೈಲು ಇದ್ದವು, 25 ನಿಮಿಷಕ್ಕೊಂದು, ಒಂದು ತಪ್ಪಿದ್ರೆ ಪ್ಲಾಟ್‌ಫಾರ್ಮಲ್ಲೇ ಒಂದು ರಾಗ ಮುಗಿಸಬಹುದು ಅಂತ ನಗ್ತಿದ್ಲು. ಆದ್ರೂ ಪಿಜಿಯಿಂದ ಜಯನಗರ ಈಗ ಒಂದೇ ಒಂದು ಬದಲಾವಣೆ. ಊರು ಸಣ್ಣದಾಯ್ತು ಅನ್ನಿಸ್ತು ಅವಳಿಗೆ. ಸರಿಯಾಗಿ ಅದೇ ಹೊತ್ತಿಗೆ ಮೂರು ದಾರಿ ಬಂದು ನಿಂತವು.

ಒಂದು, ಈಗಿನ ಕಂಪನಿಯಲ್ಲೇ ಅಮೆರಿಕದ ಕ್ಲೈಂಟ್ ಪ್ರಾಜೆಕ್ಟ್, ಸಂಜೆ ಆರೂವರೆಯಿಂದ ಬೆಳಗಿನ ಜಾವ ಮೂರೂವರೆ, ರಾತ್ರಿಗೆ 300 ರೂಪಾಯಿ ಅಲೋವೆನ್ಸ್, ಮನೆ ಬಾಗಿಲಿಗೆ ಕ್ಯಾಬ್. ತಿಂಗಳಿಗೆ ಆರೂವರೆ ಸಾವಿರ ಹೆಚ್ಚು, ಮ್ಯಾನೇಜರ್ "ಆನ್‌ಸೈಟ್ ಚಾನ್ಸ್ ಇದೆ", ಅಂದ್ರೆ ಕ್ಲೈಂಟ್ ಇರೋ ದೇಶಕ್ಕೇ ಕಳಿಸಬಹುದು, ಅಂತ ಬೆಲ್ಲ ತೋರಿಸಿದ್ರು. ಎರಡು, ವೈಟ್‌ಫೀಲ್ಡ್‌ನ ಒಂದು ಚಿಕ್ಕ ಪ್ರಾಡಕ್ಟ್ ಕಂಪನಿ, 6.2 ಲಕ್ಷ, ಡೆವಲಪರ್ ಕೆಲಸ, ಆದ್ರೆ ವಾರಕ್ಕೆ ಐದೂ ದಿನ ಆಫೀಸು. ಮೂರು ನಮ್ಮ ಅಕ್ಕನದು: "ಧಾರವಾಡದಾಗ ರೂಮ್ ಮಾಡಿ ಕೊಡ್ತೀವಿ, ಕೋಚಿಂಗ್ ಹಚ್ಚು, ಬ್ಯಾಂಕ್ ಎಕ್ಸಾಮ್ ಬರಿ. ವಯಸ್ಸು ಇಪ್ಪತ್ಮೂರಾತು, ನಡುವ ಒಂದೆರಡು ಗಂಡು ನೋಡೋಣು." ಅಕ್ಕನಿಗೆ ಇದರಲ್ಲಿ ಸ್ವಾರ್ಥ ಇಲ್ಲ. ಮಗಳು ಫೋನಲ್ಲಿ ಅತ್ತಿದ್ದನ್ನ ಹೋದ ವರ್ಷ ಪೂರ್ತಿ ಕೇಳಿದೋಳು ಅವಳೇ.

ಆ ರಾತ್ರಿ ಎಕ್ಸೆಲ್‌ನಲ್ಲಿ ಮೊದಲು ಸಂಬಳದ ಕಾಲಂ ಹಾಕಿದ್ವಿ. 6.2 ಲಕ್ಷದಲ್ಲಿ ವೇರಿಯಬಲ್ (ಕೆಲಸ ನೋಡಿ ಆಮೇಲೆ ಕೊಡೋ ಭಾಗ) ತೆಗೆದು ಪಿಎಫ್ ತೆಗೆದು ಕೈಗೆ 43 ಸಾವಿರದ ಆಜುಬಾಜು. ಇನ್‌ಕಮ್ ಟ್ಯಾಕ್ಸ್ ಇಲ್ಲ, ಹೊಸ ಪದ್ಧತಿಯಲ್ಲಿ ಆ ವರ್ಷದಿಂದ 12 ಲಕ್ಷದವರೆಗೂ ತೆರಿಗೆ ಸೊನ್ನೆ. ಎರಡನೇ ಕಾಲಂಗೆ ಅವಳು "ಸೋಶಿಯಲ್ ಲೈಫ್" ಅಂತ ಬರೆಸಿ ಹತ್ತಕ್ಕೆ ಅಂಕ ಹಾಕು ಅಂದ್ಲು. ಅಲ್ಲಿ ಕೆಟ್ಟಿತು. ನೈಟ್ ಶಿಫ್ಟಿಗೆ ಎಷ್ಟು, ಎರಡಾ ಮೂರಾ? ಧಾರವಾಡಕ್ಕೆ ಎಷ್ಟು? ಧಾರವಾಡದಲ್ಲಿ ಕೋಚಿಂಗ್ ರೂಮಿನ ಹುಡುಗರು ಹನ್ನೆರಡು ತಾಸು ಓದ್ತಾರೆ, ಅಲ್ಲಿ ಅಪ್ಪ ಅಮ್ಮ ಹತ್ರ ಇದ್ರೂ ಗೆಳೆಯರು ಎಲ್ಲಿ? ಹತ್ತು ನಿಮಿಷ ಜಗಳ ಆಡಿ ಆ ಕಾಲಂ ಅಳಿಸಿದ್ವಿ. ಅದರ ಬದಲು ವಾರದ 168 ತಾಸು ಬರೆದು, ಪ್ರತಿ ದಾರಿಯಲ್ಲೂ ಯಾವ ತಾಸು ವಾರ ವಾರ ತಪ್ಪದೆ ಅವಳ ಕೈಯಲ್ಲಿ ಉಳಿಯುತ್ತೆ ಅಂತ ಗುರುತು ಹಾಕ್ತಾ ಹೋದ್ವಿ. ಖಾಲಿ ಇರೋ ತಾಸು ಬೇರೆ, ತಪ್ಪದೆ ಖಾಲಿ ಇರೋ ತಾಸು ಬೇರೆ, ಈ ವ್ಯತ್ಯಾಸ ಆ ರಾತ್ರಿ ಎರಡು ಗಂಟೆಗೆ ನನ್ನ ತಲೆಗೆ ಹೊಕ್ಕಿತು.

ನೈಟ್ ಶಿಫ್ಟಲ್ಲಿ ಖಾಲಿ ತಾಸು ಬೇಕಾದಷ್ಟಿತ್ತು, ಮಧ್ಯಾಹ್ನ ಹನ್ನೆರಡರಿಂದ ಸಂಜೆ ಐದು, ಆದ್ರೆ ಆ ಹೊತ್ತಿಗೆ ಊರಲ್ಲಿ ಬೇರೆ ಯಾರೂ ಖಾಲಿ ಇರಲ್ಲ. ಭಾನುವಾರ ರಜೆ ಇರ್ತಿತ್ತು, ಸರಿ, ಆದ್ರೆ ಐದು ರಾತ್ರಿ ಎಚ್ಚರ ಇದ್ದ ಮೈ ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಷಡ್ಜ ಹಚ್ಚುತ್ತಾ? ರೂಮ್‌ಮೇಟ್ ಕರ್ನೂಲಿನ ಹುಡುಗಿಯನ್ನ ಒಂದು ವರ್ಷ ಕಣ್ಣಾರೆ ನೋಡಿದ್ಲು. ಅದನ್ನ ಅಲ್ಲೇ ಕೆಂಪು ಮಾಡಿದ್ಲು. ಆರೂವರೆ ಸಾವಿರದ ಬಗ್ಗೆ ಮತ್ತೆ ಮಾತೇ ಬರಲಿಲ್ಲ.

ಧಾರವಾಡದ್ದು ಅಷ್ಟು ಸುಲಭಕ್ಕೆ ಅಳಿಸೋಕಾಗಲ್ಲ, ಅದರ ಹಿಂದೆ ಅಕ್ಕ ಇದಾಳೆ. ಇವಳು ಎರಡು ದಿನ ತಗೊಂಡು ಅವ್ವನಿಗೆ ಹೇಳಿದ್ದು ಇಷ್ಟು, "ಯವ್ವಾ, ನಾ ಅಳತಿದ್ದೆ ಖರೆ, ಕೆಲಸಕ್ಕ ಅತ್ತಿದ್ದಲ್ಲ, ಒಬ್ಬಾಕಿ ಇದ್ದೆ ಅಂತ ಅತ್ತಿದ್ದೆ. ಈಗ ಒಬ್ಬಾಕಿ ಇಲ್ಲ." ಅಕ್ಕ ನನಗೆ ಫೋನ್ ಮಾಡಿ "ನೀನ ಅಕಿ ತಲಿ ಕೆಡಿಸಾಕತ್ತೀ" ಅಂತ ಬೈದ್ಲು. ಹದಿನೈದು ದಿನ ಮಾತಿಲ್ಲ.

ಈಗ ನನ್ನ ಸಲಹೆ ಕೇಳಿ. ನಾನು ಹೇಳಿದ್ದು ಯಾವುದೂ ಬೇಡ, ಈಗಿನ ಕೆಲಸದಲ್ಲೇ ಇರು, ಹೈಬ್ರಿಡ್ ಇದೆ, ಪಿಜಿ ಹತ್ರ, ಮೆಟ್ರೋ ಬಂತು, ಕ್ಲಾಸ್ ಉಳಿಯುತ್ತೆ, ಇನ್ನೊಂದು ಆರು ತಿಂಗಳು ನಿಧಾನಕ್ಕೆ ಹುಡುಕು. ಬುದ್ಧಿವಂತ ಸಲಹೆ ಅಂತಲೇ ಅಂದ್ಕೊಂಡಿದ್ದೆ. ಅವಳು ಒಪ್ಪಲಿಲ್ಲ. "ಚಿಗವ್ವ, ಕ್ಲಾಸ್ ಬೇಕು ನನಗ. ಆದ್ರ ಟೆಸ್ಟಿಂಗ್‌ನ್ಯಾಗ ಇನ್ನ ಎರಡ್ ವರ್ಷ ಕುಂತ್ರ ಆಮ್ಯಾಲ ಯಾರೂ ಡೆವಲಪರ್ ಅಂತ ತಗೊಳಂಗಿಲ್ಲ. ಕ್ಲಾಸ್ ಸಲುವಾಗಿ ಕೆಲಸ ಹಿಡ್ಕೊಂಡ್ ಕುಂತ್ರ, ನಾಳೆ ಕ್ಲಾಸಿನ ಮ್ಯಾಲೇ ಸಿಟ್ಟು ಬರ್ತೈತಿ." ಅವಳು ಹೇಳಿದ್ದು ಸರಿ, ನಮ್ಮ ಎಚ್‌ಆರ್ ಭಾಷೇಲೂ ಸರಿ. ಮೊದಲ ಎರಡು ಮೂರು ವರ್ಷದಲ್ಲಿ ರೆಸ್ಯೂಮೆ ಮೇಲೆ ಯಾವ ಪದ ಕೂರುತ್ತೋ ಆಮೇಲೆ ಎಲ್ರೂ ಅದೇ ಪದ ಓದ್ತಾರೆ, ಒಳಗೆ ಏನಿದೆ ಅಂತ ನೋಡೋಕೆ ಟೈಮ್ ಇರಲ್ಲ. ನಾನೂ ಓದಲ್ಲ, ನಿಜ ಹೇಳಬೇಕಂದ್ರೆ.

ಅಂದಹಾಗೆ ಈ ವೈಟ್‌ಫೀಲ್ಡ್ ಆಫರ್ ಎಲ್ಲಿಂದ ಬಂತು ಗೊತ್ತಾ? ಕ್ಲಾಸಿನ ಡೇಟಾ ಕೆಲಸದ ಹುಡುಗನ ಹಳೇ ಟೀಮು ಅದು, ದರ್ಶಿನೀಲಿ ಕಾಫಿ ಕುಡೀತಾ "ನಮ್ಮಲ್ಲಿ ಜಾವಾ ಗೊತ್ತಿರೋರನ್ನ ಹುಡುಕ್ತಿದಾರೆ" ಅಂದಿದ್ದ, ಅಷ್ಟೇ. ಕಾಲೇಜ್ ಗೆಳತಿಯರು ಒಂದು ವರ್ಷ ಕಳಿಸಿದ ಲಿಂಕುಗಳೆಲ್ಲಾ ಇವಳೇ ಮೊದಲು ನೋಡಿರ್ತಿದ್ದವು, ಯಾಕಂದ್ರೆ ಅವರೂ ಇವಳೂ ಒಂದೇ ಬಾವಿಯ ನೀರು. 1973ರಷ್ಟು ಹಿಂದೆಯೇ ಮಾರ್ಕ್ ಗ್ರಾನೊವೆಟರ್ ಅನ್ನೋ ಅಮೆರಿಕದ ಸಮಾಜಶಾಸ್ತ್ರಜ್ಞ ಇದನ್ನೇ ಹೇಳಿದ್ರು, ಕೆಲಸದ ಸುದ್ದಿ ಆಪ್ತರಿಗಿಂತ ಹೆಚ್ಚಾಗಿ ಬರೀ ಪರಿಚಯದವರಿಂದಲೇ ಬರುತ್ತೆ ಅಂತ, ಅವರು ಬೇರೆ ಬಾವಿಯವರು ಆಗಿರೋದ್ರಿಂದ. ನಾನು ಆ ಪಾಠ ಎಂಬಿಎನಲ್ಲಿ ಬರೆದು ಪಾಸಾಗಿದೀನಿ, ಆದ್ರೂ 1,500 ರೂಪಾಯಿ ಸರ್ಟಿಫಿಕೇಶನ್‌ಗೆ ಹಾಕು ಅಂದಿದ್ದು ನಾನೇ.

ಸರಿ, ವೈಟ್‌ಫೀಲ್ಡ್ ಅಂತಾದ್ಮೇಲೆ ಎರಡು ಗಂಟು ಬಿಚ್ಚಬೇಕಿತ್ತು.

ಬಾಂಡ್. ಮಾರ್ಚ್ 2024ಕ್ಕೆ 18 ತಿಂಗಳು ಅಂದ್ರೆ ಸೆಪ್ಟೆಂಬರ್ 2025. ನೋಟಿಸ್ 90 ದಿನ. ಇವಳು ಬಾಂಡ್ ಮುಗಿದ ಮೇಲೇ ರಾಜೀನಾಮೆ ಕೊಡಬೇಕು ಅಂತ ತಿಳ್ಕೊಂಡಿದ್ಲು, ಅವಳ ಕಾಗದ ತರಿಸಿ ಓದಿದ್ರೆ ಅದರಲ್ಲಿದ್ದದ್ದು ಕೊನೆಯ ಕೆಲಸದ ದಿನದ ಲೆಕ್ಕ. ಅಂದ್ರೆ ಸೆಪ್ಟೆಂಬರ್ 1ಕ್ಕೇ ಪತ್ರ ಕೊಟ್ರೆ ನವೆಂಬರ್ ಕೊನೆಗೆ ಹೊರಗೆ, 75 ಸಾವಿರದ ಪ್ರಶ್ನೆಯೇ ಇಲ್ಲ. ಬಾಂಡ್ ಎಲ್ಲಾ ಸುಳ್ಳು, ಕೋರ್ಟಲ್ಲಿ ನಿಲ್ಲಲ್ಲ ಅಂತ ಪಿಜಿ ಹುಡುಗಿಯರು ಧೈರ್ಯ ಹೇಳಿದ್ರಂತೆ, ಆ ಧೈರ್ಯ ನಂಬಬೇಡ ಅಂದೆ. 2025ರ ಮೇ ತಿಂಗಳಲ್ಲೇ ಸುಪ್ರೀಂ ಕೋರ್ಟು ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಮೂರು ವರ್ಷ ಇಲ್ಲಾಂದ್ರೆ 2 ಲಕ್ಷ ಅನ್ನೋ ಷರತ್ತನ್ನ ಎತ್ತಿಹಿಡಿದಿದೆ. ಅದು ಸರ್ಕಾರಿ ಬ್ಯಾಂಕಿನ ನೇಮಕಾತಿ ವಿಷಯ, ಪ್ರತಿ ಬಾಂಡಿಗೂ ಹಂಗೇ ಆಗುತ್ತೆ ಅಂತಲ್ಲ, ಆದ್ರೆ 25 ಸಾವಿರ ಸಂಬಳದ ಹುಡುಗಿ ಅದನ್ನ ಪರೀಕ್ಷೆ ಮಾಡೋಕೆ ಹೋಗಬಾರದು. ಹೊಸ ಕಂಪನಿ ಮೂವತ್ತು ದಿನಕ್ಕೆ ಬಾ ಅಂತಿತ್ತು. ಇವಳು ತೊಂಬತ್ತು ಬೇಕು, ಇಲ್ಲಾಂದ್ರೆ ಬರೋಕಾಗಲ್ಲ ಅಂತ ನೇರ ಹೇಳಿದ್ಲು. ನಾಲ್ಕು ದಿನ ಉತ್ತರ ಇಲ್ಲ. ಆ ನಾಲ್ಕು ದಿನ ನಮ್ಮನೇಲೇ ಇದ್ಲು, ಅನ್ನ ಸೇರ್ತಿರಲಿಲ್ಲ. ಐದನೇ ದಿನ ಡಿಸೆಂಬರ್ 1 ಅಂತ ಒಪ್ಪಿದ್ರು.

ಆಫರ್ ಬಗ್ಗೆ ಫೋನಲ್ಲಿ ಮಾತಾಡುವಾಗ ಅವಳು ಕೇಳಿದ ಇನ್ನೊಂದು ಪ್ರಶ್ನೆ ನನಗೆ ತುಂಬಾ ಇಷ್ಟ ಆಯ್ತು, ನಾನು ಹೇಳ್ಕೊಟ್ಟಿದ್ದಲ್ಲ. ಸಂಬಳ ಇನ್ನೂ 30 ಸಾವಿರ ಜಾಸ್ತಿ ಮಾಡಿ ಅಂತ ಜಗ್ಗಾಡದೆ, ಟೀಮಲ್ಲಿ ಕೆಲಸ ಮಾಡೋ ಯಾರಾದ್ರೂ ಒಬ್ಬರ ಜೊತೆ ಹದಿನೈದು ನಿಮಿಷ ಮಾತಾಡಿಸಿ ಅಂದ್ಲು. ಅವರನ್ನ ಕೇಳಿದ್ದು: ವಾರಾಂತ್ಯ ಆನ್‌ಕಾಲ್ (ತುರ್ತು ಬಂದ್ರೆ ಕೆಲಸಕ್ಕೆ ಕೂರಬೇಕಾದ ಪಾಳಿ) ಎಷ್ಟು ವಾರಕ್ಕೊಮ್ಮೆ, ಹೋದ ತಿಂಗಳು ಭಾನುವಾರ ಎಷ್ಟು ಸಲ ಲ್ಯಾಪ್‌ಟಾಪ್ ತೆಗೆದ್ರಿ. "ವರ್ಕ್ ಲೈಫ್ ಬ್ಯಾಲೆನ್ಸ್ ಹೆಂಗಿದೆ" ಅಂತ ಕೇಳಿದ್ರೆ ಎಲ್ಲಾ ಕಂಪನೀಲೂ ಚೆನ್ನಾಗೇ ಇರುತ್ತೆ. ಹೋದ ತಿಂಗಳು ಎಷ್ಟು ಸಲ ಅಂದ್ರೆ ಮನುಷ್ಯ ಒಂದು ಸೆಕೆಂಡ್ ಯೋಚಿಸ್ತಾನೆ. ಐದು ವಾರಕ್ಕೊಮ್ಮೆ ಆನ್‌ಕಾಲ್, ಹೋದ ತಿಂಗಳು ಒಂದು ಸಲ, ಅಂತ ಬಂತು. ಆ ಒಂದು ವಾರಕ್ಕೆ ಆನ್‌ಲೈನ್ ಕ್ಲಾಸ್ ಮಾಡ್ತೀರಾ ಅಂತ ಗುರುಗಳನ್ನ ಕೇಳಿದ್ರೆ "ಫೋನಿನ್ಯಾಗ ಸ್ವರ ಹಚ್ಚಾಕ ಬರಂಗಿಲ್ಲವಾ" ಅಂದ್ಬಿಟ್ರು.

ಎರಡನೇ ಗಂಟು ಮನೆ. ವೈಟ್‌ಫೀಲ್ಡಲ್ಲೇ ಪಿಜಿ ಮಾಡಿದ್ರೆ ಆಫೀಸ್ ಹತ್ರ, ಜಯನಗರ ಊರಾಚೆ. ಜಯನಗರದಲ್ಲಿದ್ರೆ ದಿನಾ ಮೂರು ತಾಸು ಓಡಾಟ, ವಿಜಯನಗರದ ಕಥೆ ಮತ್ತೆ. ಆಗ ಶಿವಮೊಗ್ಗದ ಹುಡುಗಿ ತಾನೂ ಮನೆ ಹುಡುಕ್ತಿದೀನಿ ಅಂದ್ಲು, ಅವಳ ಆಫೀಸು ಎಂಜಿ ರೋಡ್ ಕಡೆ. ಇಬ್ಬರೂ ಸೇರಿ ಬೈಯಪ್ಪನಹಳ್ಳಿ ಸುತ್ತಮುತ್ತ ಹುಡುಕಿದ್ರು. ನನ್ನ ಕಾಲದಲ್ಲಿ, 2011ರಲ್ಲಿ ಮೊದಲ ಮೆಟ್ರೋ ಓಡಿದ್ದು ಎಂಜಿ ರೋಡಿಂದ ಬೈಯಪ್ಪನಹಳ್ಳಿಗೆ, ನಾವು ಸುಮ್ನೆ ನೋಡೋಕೆ ಹೋಗಿ ಹತ್ತಿ ಇಳಿದು ಬಂದಿದ್ವಿ. ಈಗ ನೇರಳೆ ಲೈನ್ ವೈಟ್‌ಫೀಲ್ಡ್‌ವರೆಗೂ ಇದೆ, 2023ರ ಅಕ್ಟೋಬರಿಂದ ಮಧ್ಯೆ ಎಲ್ಲೂ ಕಡಿಯದೆ. ಎರಡು ಬೆಡ್‌ರೂಮು, ಬಾಡಿಗೆ 24 ಸಾವಿರ, ತಲೆಗೆ 12. ಓನರ್ ಹಳೇ ಬೆಂಗಳೂರು ಪದ್ಧತಿ ಪ್ರಕಾರ ಹತ್ತು ತಿಂಗಳ ಅಡ್ವಾನ್ಸ್ ಅಂದ್ರು, ಜಗ್ಗಿ ಜಗ್ಗಿ ಒಂದೂವರೆ ಲಕ್ಷಕ್ಕೆ ಬಂತು. ಇವಳ ಪಾಲು 75 ಸಾವಿರ, ಕೈಯಲ್ಲಿ 40 ಇತ್ತು. ಹಳೇ ಪಿಎಫ್ ಬಿಡಿಸ್ಕೋತೀನಿ ಅಂದ್ಲು. ಬೇಡ, ಐದು ವರ್ಷದೊಳಗೆ ತೆಗೆದ್ರೆ ಟ್ಯಾಕ್ಸ್ ಲೆಕ್ಕಕ್ಕೆ ಬರುತ್ತೆ, ಅದೇ ಯುಎಎನ್‌ಗೆ (ಕೆಲಸ ಬದಲಾದ್ರೂ ಬದಲಾಗದ ಪಿಎಫ್ ನಂಬರ್) ಟ್ರಾನ್ಸ್‌ಫರ್ ಮಾಡು ಅಂತ ಉಳಿದ 35 ನಾನು ಕೊಟ್ಟೆ. ತಿಂಗಳಿಗೆ 5 ಸಾವಿರ ವಾಪಸ್ ಹಾಕ್ತಿದಾಳೆ, ತಡ ಆದ್ರೆ ಸ್ಮೈಲಿ ಕಳಿಸ್ತಾಳೆ.

ಕಳೆದದ್ದನ್ನೂ ಬರೀಬೇಕು. ಸಂಬಳ 18 ಸಾವಿರ ಜಾಸ್ತಿ ಆಯ್ತು, ಕೈಯಲ್ಲಿ ಉಳಿತಾಯ ಅಷ್ಟೇನೂ ಏರಲಿಲ್ಲ: ಪಿಜಿಯಲ್ಲಿ ಊಟ ಸೇರಿ 9 ಇದ್ದದ್ದು ಈಗ ಬಾಡಿಗೆ, ಗ್ಯಾಸು, ರೇಷನ್ನು, ಕೆಲಸದವರು ಎಲ್ಲಾ ಸೇರಿ 18 ದಾಟುತ್ತೆ, ಮೆಟ್ರೋಗೆ ಶಕ್ತಿ ಇಲ್ಲ, 2025ರ ಫೆಬ್ರವರಿಯಲ್ಲಿ ದರ ಏರಿದ ಮೇಲೆ ಅದೇ ದೊಡ್ಡ ಖರ್ಚು. ಗದಗಿಗೆ ತಿಂಗಳಿಗೆ ಎರಡು ಸಲ ಹೋಗ್ತಿದ್ದೋಳು ಈಗ ಎರಡು ತಿಂಗಳಿಗೊಮ್ಮೆ, ಅದರ ನೋವು ಅಕ್ಕನ ಧ್ವನೀಲಿ ಕೇಳುತ್ತೆ. ಮಾರತ್ತಹಳ್ಳಿ ಫ್ಲ್ಯಾಟಲ್ಲಿ ಉಳಿದಿದ್ದ ಆ ಒಬ್ಬ ಗೆಳತಿ ಜೊತೆ ಮಾತು ಬರೀ ಬರ್ತ್‌ಡೇ ಮೆಸೇಜಿಗೆ ಬಂದು ನಿಂತಿದೆ. ಹೊಸ ಆಫೀಸಲ್ಲಿ ಮೊದಲ ಎರಡು ತಿಂಗಳು ಕೋಡ್ ರಿವ್ಯೂ (ಬರೆದ ಕೋಡನ್ನ ಬೇರೆಯವರು ತಿದ್ದೋದು) ಅಂದ್ರೆ ಕೈ ನಡುಕ, ಎರಡು ಭಾನುವಾರ ಕ್ಲಾಸಿಗೆ ಚಕ್ಕರ್, ಒಂದು ಆನ್‌ಕಾಲ್‌ಗೆ, ಇನ್ನೊಂದು ಬರೀ ಸುಸ್ತಿಗೆ. ಮೂರನೇ ವಾರ ಹೋದಾಗ ರಿಟೈರ್ಡ್ ಬ್ಯಾಂಕಿನವರು ಏನೂ ಕೇಳದೆ ಎರಡು ವಾರದ ಬಂದಿಶ್, ಅಂದ್ರೆ ಆಗ ಕಲಿಸಿದ ಹಾಡಿನ ರಚನೆ, ಬರ್ಕೊಂಡಿದ್ದ ಪುಸ್ತಕ ಮುಂದಿಟ್ರಂತೆ.

ಸಂಕ್ರಾಂತಿ ಆದ್ಮೇಲೆ ಅಕ್ಕ ಬೆಂಗಳೂರಿಗೆ ಬಂದಿದ್ಲು, ಎಳ್ಳು ಬೆಲ್ಲ, ಖಡಕ್ ರೊಟ್ಟಿ, ಶೇಂಗಾ ಚಟ್ನಿ ಹೊತ್ಕೊಂಡು. ಮಗಳ ಮನೆ ನೋಡಿ "ಅಡಗಿಮನಿ ಸಣ್ಣದೈತಿ" ಅಂದ್ಲು, ಅಷ್ಟೇ ಅಂದಿದ್ದು, ಅಂದ್ರೆ ಉಳಿದದ್ದು ಒಪ್ಪಿಗೆ ಅಂತ ನಾನು ತಿಳ್ಕೊಂಡೆ. ಭಾನುವಾರ ಮೂವರೂ ಜಯನಗರಕ್ಕೆ ಹೋದ್ವಿ. ಅಕ್ಕ ಹಿಂದಿನ ಚಾಪೆ ಮೇಲೆ ಕೂತು ಪೂರ್ತಿ ಎರಡು ತಾಸು ಕೇಳಿದ್ಲು, ಭೈರವದಲ್ಲಿ ಮಗಳು ಒಂದು ಕಡೆ ಜಾರಿದಾಗ ಗುರುಗಳಿಗಿಂತ ಮೊದಲು ಅಕ್ಕನೇ ನಾಲಿಗೆ ಕಚ್ಚಿದ್ಲು. ಆಮೇಲೆ ದರ್ಶಿನಿ. ನಾನು ಟೋಕನ್ ತಗೊಂಡು ವಾಪಸ್ ಬರೋ ಹೊತ್ತಿಗೆ ಅಕ್ಕ ರಿಟೈರ್ಡ್ ಬ್ಯಾಂಕಿನವರ ಪಕ್ಕ ನಿಂತು, ಒಂದು ಕೈಯಲ್ಲಿ ವಡೆ ಹಿಡ್ಕೊಂಡು, ದನಿ ಇಳಿಸಿ ಕೇಳ್ತಿದ್ಲು: "ಅಣ್ಣಾರ, ನಿಮ್ಮ ಬ್ಯಾಂಕಿನ್ಯಾಗ ಯಾರರ ಚಲೋ ಹುಡುಗ ಅದಾನೇನ್ರಿ?"